ಅಜ್ಜಿಯ ಮುಖಕ್ಕೆ ಅಜ್ಜಿಯದೇ ಬಣ್ಣ

ಮಂಗಳೂರಿನ ಜೆಪ್ಪಿನಲ್ಲಿರುವ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಆ ಫೋಟೋ ನಲವತ್ತು ವರ್ಷಕ್ಕೂ ಮೇಲಾಗಿ ತೂಗುತ್ತಿತ್ತು. 1979ರ ಏಪ್ರಿಲ್‌ನಲ್ಲಿ ತವರಿನ ಅಂಗಳದ ಚಪ್ಪರದಲ್ಲಿ ನಡೆದ ದೊಡ್ಡಮ್ಮನ ಮದುವೆಯದು. ಮದುಮಗಳ ಪಕ್ಕದಲ್ಲಿ ಅಜ್ಜಿ ನಿಂತಿದ್ದಾರೆ. ಕೈಯಲ್ಲಿ ಹರಿವಾಣ, ಮುಡಿಯಲ್ಲಿ ಮಲ್ಲಿಗೆ, ಮೂಗಿನಲ್ಲಿ ಮೂಗುಬೊಟ್ಟು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಮಾವ ತಮ್ಮ ಹೊಸ ಕ್ಯಾಮರಾದಲ್ಲಿ ತೆಗೆದದ್ದು. ವಾಪಸು ಹೋಗುವಾಗ ರೀಲನ್ನು ಕೊಂಡುಹೋಗಿ, ಅಲ್ಲಿಯೇ ತೊಳೆಸಿ, ಪ್ರಿಂಟುಗಳನ್ನು ಅಂಚೆಯಲ್ಲಿ ಕಳಿಸಿದ್ದರು. ನಮ್ಮೂರಿನ ಎಷ್ಟೋ ಮನೆಗಳೊಳಗೆ ಕಲರ್ ಫೋಟೋ ಮೊದಲು ಬಂದದ್ದು ಹಾಗೆಯೇ, ಹೊರದೇಶದ ಸ್ಟಾಂಪು ಹಚ್ಚಿದ ಲಕೋಟೆಯಲ್ಲಿ. ಅಜ್ಜಿ ಕಲರಿನಲ್ಲಿ ಇರುವುದು ಅದೊಂದರಲ್ಲೇ.

ಕೆಲವು ವರ್ಷಗಳ ಹಿಂದೆ ಜುಲೈಯ ಒಂದು ರಾತ್ರಿ ಮಾಡಿನ ಎರಡು ಹಂಚು ಜಾರಿ ಗೋಡೆಯಲ್ಲಿ ನೀರಿಳಿಯಿತು. ಬೆಳಿಗ್ಗೆ ಫೋಟೋ ಇಳಿಸಿ ನೋಡಿದರೆ ಕೆಳಗಿನ ಅಂಚು ಗಾಜಿಗೆ ಅಂಟಿ ಕೂತಿದೆ. ಒಂದು ಮೂಲೆಯಲ್ಲಿ ಬೂಷ್ಟು ಜೇಡನ ಬಲೆಯ ಹಾಗೆ ಹರಡಿದೆ. ಆದರೆ ನೀರು ಮಾಡಿದ ಹಾನಿ ಸಣ್ಣದು. ದೊಡ್ಡ ಹಾನಿ ವರ್ಷ ವರ್ಷವೂ ನಿಧಾನವಾಗಿ ಆಗುತ್ತಲೇ ಇತ್ತು. ದಿನಾ ನೋಡುತ್ತಿದ್ದವರ ಕಣ್ಣಿಗೆ ಬಿದ್ದಿರಲಿಲ್ಲ. ಗೋಡೆಯಿಂದ ಇಳಿಸಿ ಅಂಗಳದ ಬೆಳಕಿಗೆ ಹಿಡಿದಾಗ ಎಲ್ಲರಿಗೂ ಒಮ್ಮೆಲೇ ಕಂಡಿತು. ಇಡೀ ಫೋಟೋ ಕೆಂಪಾಗಿತ್ತು. ಅಜ್ಜಿಯ ಕೂದಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಚಪ್ಪರದ ತೆಂಗಿನ ಗರಿ ಒಣಗಿದ ರಕ್ತದ ಹಾಗೆ, ಮಲ್ಲಿಗೆ ಬೆಣ್ಣೆಯ ಹಾಗೆ ಹಳದಿ.

ದೊಡ್ಡಮ್ಮನ ಮಗ ಅದನ್ನು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟ. ಎರಡು ದಿನದಲ್ಲಿ ಹೊಳೆಯುವ ದೊಡ್ಡ ಪ್ರಿಂಟು ಬಂತು. ಬೂಷ್ಟು ಇಲ್ಲ, ಗೀರು ಇಲ್ಲ, ಕೆಂಪೂ ಇಲ್ಲ. ಅಜ್ಜಿಯ ಮುಖ ಮಾತ್ರ ಹಾಲಿಗೆ ಗುಲಾಬಿ ಹಾಕಿದ ಹಾಗೆ ಬೆಳ್ಳಗಾಗಿ, ಸುಕ್ಕೆಲ್ಲ ಮಾಯವಾಗಿ, ನಲವತ್ತೆಂಟರ ಹೆಂಗಸು ಮೂವತ್ತಕ್ಕೆ ಇಳಿದಿದ್ದರು. ಮೂಗುಬೊಟ್ಟನ್ನು ಧೂಳಿನ ಚುಕ್ಕೆ ಎಂದುಕೊಂಡು ಒರೆಸಿ ಹಾಕಿದ್ದರು. ದೊಡ್ಡಮ್ಮ ಪ್ರಿಂಟನ್ನು ತುಂಬಾ ಹೊತ್ತು ನೋಡಿ, ಮೇಜಿನ ಮೇಲೆ ಮಗುಚಿ ಇಟ್ಟು, ತುಳುವಿನಲ್ಲಿ ಮೂರೇ ಮಾತು ಹೇಳಿದರು: “ಉಂದು ಅಪ್ಪೆ ಅತ್ತ್.” ಇದು ಅಮ್ಮ ಅಲ್ಲ.

ಪುಸ್ತಕಗಳ ಪುಟ ಕಟ್ಟುವುದು, ಮುದ್ರಣಕ್ಕೆ ಚಿತ್ರಗಳನ್ನು ಸರಿಮಾಡುವುದು ನನ್ನ ಹೊಟ್ಟೆಪಾಡು. ಅಜ್ಜಿಯ ಫೋಟೋ ನನ್ನ ಮೇಜಿಗೆ ಬಂದದ್ದು ಹಾಗೆ. ಆ ಮಳೆಗಾಲ ಮುಗಿಯುವವರೆಗೂ ಅದು ನನ್ನ ಜೊತೆಗೇ ಇತ್ತು. ಅಂಥ ಕೆಲಸದಲ್ಲಿ ಏನೇನು ಉಂಟು, ಒಂದು ಮುಖಕ್ಕೆ ಅದರದೇ ಬಣ್ಣ ಹುಡುಕಿ ಕೊಡುವುದು ಎಂದರೆ ಏನು ಎಂದು ಹೇಳಬೇಕೆಂದು ಆವಾಗಿನಿಂದ ಮನಸ್ಸಿನಲ್ಲಿತ್ತು.

ಮೊದಲು, ಫೋಟೋ ಯಾಕೆ ಕೆಂಪಾಗುತ್ತದೆ? ಹಳೆಯ ಕಲರ್ ಪ್ರಿಂಟಿನ ಕಾಗದದ ಮೇಲೆ ಜೆಲಾಟಿನಿನ ಮೂರು ತೆಳು ಪದರಗಳಿರುತ್ತವೆ. ಒಂದರಲ್ಲಿ ಸಯಾನ್ ಎಂಬ ಹಸಿರುನೀಲಿ ಬಣ್ಣ, ಇನ್ನೊಂದರಲ್ಲಿ ಮಜೆಂತಾ, ಮತ್ತೊಂದರಲ್ಲಿ ಹಳದಿ. ಈ ಮೂರರ ಹದವಾದ ಬೆರಕೆಯಿಂದಲೇ ಸೀರೆ, ಆಕಾಶ, ಮೈಬಣ್ಣ ಎಲ್ಲವೂ ಹುಟ್ಟುತ್ತದೆ. ಮೂರೂ ಒಂದೇ ವೇಗದಲ್ಲಿ ಮಾಸಿದ್ದರೆ ಫೋಟೋ ಬರೇ ಮಸುಕಾಗುತ್ತಿತ್ತು. ಹಾಗಾಗುವುದಿಲ್ಲ. 1970ರ ದಶಕದ ಬಹುಪಾಲು ಕಾಗದಗಳಲ್ಲಿ ಸಯಾನ್ ತೀರಾ ದುರ್ಬಲ. ಬೆಳಕೇ ಬೀಳದ ಆಲ್ಬಮ್ಮಿನೊಳಗೆ ಮುಚ್ಚಿಟ್ಟರೂ ಬಿಸಿಗೆ, ತೇವಕ್ಕೆ ಅದು ಒಡೆದು ಹೋಗುತ್ತದೆ. ಸಯಾನಿನ ಕೆಲಸ ಕೆಂಪು ಬೆಳಕನ್ನು ಹೀರಿಕೊಳ್ಳುವುದು. ಅದು ಹೋದ ಮೇಲೆ ಕೆಂಪನ್ನು ತಡೆಯುವವರಿಲ್ಲ. ಅಂದರೆ ಫೋಟೋಗೆ ಕೆಂಪು ಎಲ್ಲಿಂದಲೋ ಬಂದು ಸೇರಿದ್ದಲ್ಲ, ಕೆಂಪಿಗೆ ಕಾವಲಿದ್ದದ್ದು ಬಿಟ್ಟುಹೋಯಿತು. ಇದು ತಿಳಿಯದೆ ಕೆಂಪನ್ನು ಒರೆಸಲು ಹೊರಟರೆ ಮುಖ ಬೂದಿಯಾಗುತ್ತದೆ. ಮಾಡಬೇಕಾದದ್ದು ಹೋದ ಸಯಾನನ್ನು, ಎಲ್ಲಿ ಎಷ್ಟಿತ್ತೋ ಅಲ್ಲಿ ಅಷ್ಟು, ಮರಳಿ ಕರೆತರುವುದು.

ಇದರ ಜೊತೆಗೆ ಇನ್ನೊಂದು ರೋಗ. ಪ್ರಿಂಟು ಮಾಡುವಾಗ ಬಳಕೆಯಾಗದೆ ಕಾಗದದಲ್ಲಿ ಉಳಿದ ರಾಸಾಯನಿಕ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಅದು ಎದ್ದು ಕಾಣುವುದು ಬಿಳಿ ಇರುವ ಕಡೆ. ಹೀಗಾಗಿ ಒಂದೇ ಫೋಟೋದಲ್ಲಿ ಕಪ್ಪು ಭಾಗಗಳು ಕೆಂಪು, ಬಿಳಿ ಭಾಗಗಳು ಹಳದಿ. ಒಂದು ಗುಂಡಿ ತಿರುಗಿಸಿ ಎರಡನ್ನೂ ಸರಿಮಾಡಲು ಸಾಧ್ಯವಿಲ್ಲ. 1980ರ ದಶಕದ ನಡುವಿನಿಂದ ಬಂದ ಕಾಗದಗಳು ಎಷ್ಟೋ ಗಟ್ಟಿ. ಅದಕ್ಕೇ ಒಂದೇ ಮನೆಯಲ್ಲಿ ಅಕ್ಕನ ಮದುವೆಯ ಆಲ್ಬಮ್ ಕೆಂಪಾಗಿದ್ದರೆ ತಂಗಿಯದು ಇನ್ನೂ ಚೆನ್ನಾಗಿರುವುದುಂಟು.

ಮೇಲಿಂದ ನಮ್ಮೂರಿನ ಹವೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಗಾಳಿಯ ತೇವ ಶೇಕಡಾ 65 ದಾಟಿದರೆ ಬೂಷ್ಟಿಗೆ ಸುಗ್ಗಿ. ಮಂಗಳೂರಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಅದು 90ರ ಆಸುಪಾಸು ಇರುತ್ತದೆ. ಜೆಲಾಟಿನ್ ಎಂದರೆ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದದ್ದು. ಬೂಷ್ಟಿನ ಪಾಲಿಗೆ ಅದು ಊಟ. ತೇವ ಕುಡಿದಾಗ ಉಬ್ಬಿ ಮೆತ್ತಗಾಗಿ, ಒತ್ತಿ ಕೂತ ಗಾಜಿಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಫೋಟೋವನ್ನು ಎಳೆದು ಬಿಡಿಸಬಾರದು. ಎಳೆದರೆ ಮುಖ ಗಾಜಿನಲ್ಲಿ, ಕಾಗದ ಕೈಯಲ್ಲಿ. ಗಾಜಿನ ಸಮೇತವೇ ಸ್ಕ್ಯಾನ್ ಮಾಡುವುದು ಕ್ಷೇಮ. ನಾನು ಮಾಡಿದ್ದೂ ಅದನ್ನೇ.

ಆ ಕಾಲದ ಪ್ರಿಂಟುಗಳಲ್ಲಿ ರೇಷ್ಮೆಯ ನೇಯ್ಗೆಯಂಥ ಸಣ್ಣ ಉಬ್ಬುತಗ್ಗು ಇರುತ್ತಿತ್ತು, ನೆನಪಿರಬಹುದು. ಕೈಗೆ ಹಿತ, ಸ್ಕ್ಯಾನರಿಗೆ ಕಾಟ. ಪ್ರತಿ ಉಬ್ಬೂ ದೀಪಕ್ಕೆ ಮಿಣುಕಿ ಮುಖದ ತುಂಬ ಬಿಳಿ ಚುಕ್ಕೆ ಬೀಳುತ್ತದೆ. ಅದಕ್ಕೆ ಒಮ್ಮೆ ನೇರವಾಗಿಟ್ಟು, ಒಮ್ಮೆ ತಲೆಕೆಳಗಾಗಿಟ್ಟು ಎರಡು ಸ್ಕ್ಯಾನ್ ತೆಗೆದು, ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದೆ. ಮಿಣುಕು ಅರ್ಧಕ್ಕರ್ಧ ಕಡಿಮೆಯಾಯಿತು. ಸ್ಕ್ಯಾನ್ ಮಾಡುವಾಗ ಯಂತ್ರದ ತಾನೇ ಸರಿಮಾಡುವ ಆಯ್ಕೆಗಳನ್ನೆಲ್ಲ ಮುಚ್ಚಿಟ್ಟು, ಒಂದೊಂದು ಬಣ್ಣಕ್ಕೆ 16 ಬಿಟ್ ಇಟ್ಟುಕೊಂಡೆ. ಮಾಸಿದ ಬಣ್ಣವನ್ನು ಹಿಗ್ಗಿಸುವಾಗ ಒಳಗೆ ಸರಕು ಸಾಕಷ್ಟು ಇರಬೇಕು. 8 ಬಿಟ್ಟಿನ ಫೈಲನ್ನು ಎಳೆದರೆ ಕೆನ್ನೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಏಳುತ್ತದೆ.

ಸ್ಕ್ಯಾನನ್ನು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಬಿಡಿಸಿ ನೋಡಿದರೆ ಯಾವ ಪದರಕ್ಕೆ ಏನಾಗಿದೆ ಎಂದು ತಿಳಿಯುತ್ತದೆ. ಹಸಿರಿನಲ್ಲಿ ಅಜ್ಜಿ ಕಪ್ಪುಬಿಳುಪು ಫೋಟೋದ ಹಾಗೆ ಸ್ಪಷ್ಟವಾಗಿದ್ದರು: ಹಣೆಯ ಗೆರೆ, ಮೂಗುಬೊಟ್ಟು, ತುಟಿಯ ಅಂಚು ಎಲ್ಲವೂ. ಮಜೆಂತಾ ಪದರ ಗಟ್ಟಿಯಾಗಿ ಉಳಿದಿತ್ತು ಎಂದರ್ಥ. ನೀಲಿಯಲ್ಲಿ ಬೂಷ್ಟಿನ ಬಲೆ ಢಾಳಾಗಿ ಕಂಡಿತು. ಕೆಂಪಿನಲ್ಲಿ ಮಾತ್ರ ಮಂಜು ಕವಿದ ಬೆಳಗಿನ ಹಾಗೆ ಎಲ್ಲವೂ ಬಿಳಿಚಿಕೊಂಡು ನಿಂತಿತ್ತು. ಸಯಾನ್ ಇದ್ದ ಜಾಗ ಅದು. ಅಜ್ಜಿಯ ಕಪ್ಪು ಕೂದಲಿನ ಮೇಲೆ ಬಾಣದ ತುದಿ ಇಟ್ಟರೆ ಕೆಂಪು 112, ಹಸಿರು 48, ನೀಲಿ 52. ಕಪ್ಪೆಂದರೆ ಮೂರೂ ಹತ್ತಿರ ಹತ್ತಿರ ಇರಬೇಕು. ಕೆಂಪಿನ ಕರ್ವನ್ನು, ಅಂದರೆ ಬಣ್ಣದ ಏರಿಳಿತ ತಿದ್ದುವ ಗೆರೆಯನ್ನು, ಕೆಳಗಿನ ತುದಿಯಿಂದ ಎಳೆದು, ನಡುವನ್ನು ಬೇರೆ, ಮೇಲನ್ನು ಬೇರೆ ಹಿಡಿದು ಬಗ್ಗಿಸುತ್ತಾ ಹೋದ ಹಾಗೆ ಮಂಜು ಸರಿಯಿತು. ಆ ಹೊತ್ತು ಎಷ್ಟು ಸಲ ಕಂಡರೂ ನನಗೆ ಸಾಲದು. ಗರಿ ಹಸಿರಾಗುತ್ತದೆ, ಕೂದಲು ಕಪ್ಪಾಗುತ್ತದೆ, ಸತ್ತೇ ಹೋಯಿತು ಎಂದುಕೊಂಡ ಒಂದು ಬೆಳಗು ಪರದೆಯ ಮೇಲೆ ಉಸಿರಾಡತೊಡಗುತ್ತದೆ.

ಇಷ್ಟರ ತನಕ ಲೆಕ್ಕ. ಇಲ್ಲಿಂದ ಮುಂದೆ ಸಾಕ್ಷಿ ಬೇಕು. ಅಂದು ಆ ಚಪ್ಪರದಲ್ಲಿ ಯಾವುದು ನಿಜವಾಗಿ ಯಾವ ಬಣ್ಣ ಇತ್ತು ಎಂದು ಹೇಳಬಲ್ಲ ವಸ್ತುಗಳನ್ನು ಫೋಟೋದೊಳಗೇ ಹುಡುಕಬೇಕು.

ಪುಸ್ತಕಗಳು ಬಿಳಿ ಬಟ್ಟೆಯನ್ನು ಹಿಡಿ ಎನ್ನುತ್ತವೆ. ನಾನೂ ಮೊದಲು ಹಿಂದೆ ನಿಂತಿದ್ದ ಗಂಡಸರ ಪಂಚೆಯನ್ನೇ ಬಿಳಿ ಎಂದು ಕೊಟ್ಟೆ. ಎಲ್ಲರ ಮುಖವೂ ಕಾಮಾಲೆ ಬಂದ ಹಾಗೆ ಹಳದಿಯಾಯಿತು. ಕಾರಣ ಹೊಳೆಯಲು ಅರ್ಧ ದಿನ ಹಿಡಿಯಿತು. ಆ ಕಾಲದ ಪಂಚೆ ಬಿಳಿಯೇ ಅಲ್ಲ. ನೀಲಿಯಲ್ಲಿ ಅದ್ದಿ ಒಣಗಿಸಿದ್ದು. ಮದುವೆಗೆಂದರೆ ಇನ್ನೊಂದು ಚಿಟಿಕೆ ಜಾಸ್ತಿಯೇ. ಆ ನೀಲಿಯನ್ನು ಬಿಳಿ ಎಂದು ಯಂತ್ರಕ್ಕೆ ಹೇಳಿದರೆ ಅದು ಇಡೀ ಚಿತ್ರದಿಂದ ನೀಲಿಯನ್ನು ಕಳೆಯುತ್ತದೆ, ಉಳಿಯುವುದು ಹಳದಿ. ಪಂಚೆಯ ಸಾಕ್ಷಿ ತಳ್ಳಿಹಾಕಿ ಮಲ್ಲಿಗೆಯ ಹತ್ತಿರ ಹೋದೆ. ಮಲ್ಲಿಗೆಯೂ ಪೂರ್ತಿ ಬಿಳಿಯಲ್ಲ, ಮೊಗ್ಗಿನ ಬುಡದಲ್ಲಿ ನಸು ಹಸಿರು ಇರುತ್ತದೆ. ಒಂದು ಸಂಜೆ ಕಾರ್‌ಸ್ಟ್ರೀಟಿನಿಂದ ಅಟ್ಟಿ ಮಲ್ಲಿಗೆ ತಂದು ಕಿಟಕಿಯ ಬೆಳಕಿನಲ್ಲಿಟ್ಟು, ಪಕ್ಕದಲ್ಲಿ ಬೂದು ಬಣ್ಣದ ಅಳತೆ ಕಾರ್ಡು ಇಟ್ಟು ಫೋಟೋ ತೆಗೆದು ನೋಡಿದೆ. ಅರಳಿದ ಎಸಳಿನ ತುದಿ ಮಾತ್ರ ನಂಬಬಹುದಾದಷ್ಟು ಬಿಳಿ. ಅಜ್ಜಿಯ ಮುಡಿಯಲ್ಲಿ ಅಂಥ ಎರಡು ಎಸಳು ಸಿಕ್ಕಿದವು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ದೊಡ್ಡಮ್ಮನ ಕಪಾಟಿನಲ್ಲಿತ್ತು. “ಧಾರೆ ಸೀರೆ ಉಂಟಲ್ಲ, ಅದು ನೋಡಿದ್ರೆ ಆಗುದಿಲ್ವಾ?” ಎಂದು ಅವರೇ ಕೇಳಿದರು. ಕುಂಕುಮ ಕೆಂಪು ಒಡಲು, ಗಿಳಿಹಸಿರು ಅಂಚು. ಮಡಿಕೆಯ ಒಳಗೆ ಬೆಳಕು ಕಾಣದ ಕಡೆ ಬಣ್ಣ ಮೊನ್ನೆ ಕೊಂಡು ತಂದ ಹಾಗಿತ್ತು. ಫೋಟೋದಲ್ಲಿ ಅದೇ ಅಂಚು ತರಗೆಲೆಯ ಬಣ್ಣಕ್ಕೆ ಇಳಿದಿತ್ತು; ಹಸಿರೆಂದರೆ ಸಯಾನೂ ಹಳದಿಯೂ ಸೇರಿದ್ದು, ಸಯಾನ್ ಹೋದರೆ ಉಳಿಯುವುದು ಕಂದು. ಸೀರೆಯ ಮಡಿಕೆಯನ್ನೇ ಸ್ಕ್ಯಾನರಿನ ಗಾಜಿನ ಮೇಲಿಟ್ಟು ಸ್ಕ್ಯಾನ್ ತೆಗೆದೆ. ಫೋಟೋದ ಅಂಚು ಆ ಹಸಿರಿನ ಹತ್ತಿರ ಬರುವವರೆಗೆ ಕರ್ವನ್ನು ತಿದ್ದಿದಾಗ ಅಂಚಿನ ಜೊತೆಗೆ ಬಾಳೆಲೆ, ಚಪ್ಪರ, ಹಿಂದಿನ ಮಾವಿನ ತೋರಣ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಆದರೂ ಮೈಬಣ್ಣ ಬೇರೆಯೇ ವಿಷಯ. ಸೀರೆಯ ಹಸಿರು ಸ್ವಲ್ಪ ಆಚೆ ಈಚೆಯಾದರೆ ಯಾರೂ ಗಮನಿಸುವುದಿಲ್ಲ. ಮುಖದ ಬಣ್ಣ ಕೂದಲೆಳೆಯಷ್ಟು ತಪ್ಪಿದರೂ ಏನೋ ಸರಿಯಿಲ್ಲ ಎಂದು ಮಗುವಿಗೂ ಗೊತ್ತಾಗುತ್ತದೆ. ಸಿನಿಮಾದವರು, ಟಿ.ವಿ.ಯವರು ಬಣ್ಣ ತಿದ್ದುವಾಗ ವೆಕ್ಟರ್‌ಸ್ಕೋಪ್ ಎಂಬ ದುಂಡಗಿನ ನಕ್ಷೆ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಕೆಂಪಿಗೂ ಹಳದಿಗೂ ನಡುವೆ ಒಂದು ಓರೆಗೆರೆ. ಲೋಕದ ಯಾವ ಮೂಲೆಯ ಮನುಷ್ಯನ ಚರ್ಮವೇ ಆಗಲಿ, ಸಾಧಾರಣ ಬೆಳಕಿನಲ್ಲಿ ಆ ಗೆರೆಯ ಅಕ್ಕಪಕ್ಕವೇ ಬೀಳುತ್ತದೆ. ಯಾಕೆಂದರೆ ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಎರಡೇ: ಮೆಲನಿನ್ ಮತ್ತು ಅದರಡಿ ಹರಿಯುವ ರಕ್ತ. ಸ್ವೀಡನ್ನಿನವನಿಗೂ ಸುಳ್ಯದವನಿಗೂ ಇವೇ ಎರಡು. ಬೇರೆಯಾಗುವುದು ಎಷ್ಟು ಬೆಳಕು ಮರಳಿ ಬರುತ್ತದೆ, ಬಣ್ಣ ಎಷ್ಟು ಗಾಢ ಎನ್ನುವುದು. ಮುದ್ರಣದಲ್ಲಿ ನಾವು ನೋಡುವ ಲೆಕ್ಕವೂ ಇದಕ್ಕೆ ಹತ್ತಿರದ್ದೇ. ನಮ್ಮ ಜನರ ಮುಖದಲ್ಲಿ ಹಳದಿಯ ಅಂಕಿ ಮಜೆಂತಾಕ್ಕಿಂತ ತುಸು ಮೇಲೆ, ಸಯಾನ್ ಅವೆರಡಕ್ಕಿಂತ ಎಷ್ಟೋ ಕೆಳಗೆ ಇರಬೇಕು. ಮಜೆಂತಾ ಮೇಲೇರಿದರೆ ಬಿಸಿಲಿಗೆ ಸುಟ್ಟ ಹಾಗೆ, ಸಯಾನ್ ಏರಿದರೆ ಜ್ವರ ಬಿಟ್ಟವರ ಹಾಗೆ.

ಈ ಲೆಕ್ಕ ಬಣ್ಣ ಯಾವ ಕಡೆಗೆ ವಾಲಬೇಕು ಎಂದು ಹೇಳುತ್ತದೆ. ಎಷ್ಟು ಗಾಢ ಎಂದು ಹೇಳುವುದಿಲ್ಲ. ಆ ಸ್ಟುಡಿಯೋದವರು ತಪ್ಪಿದ್ದೂ ಅಲ್ಲೇ.

ಅವರದೊಬ್ಬರದೇ ತಪ್ಪಲ್ಲ ಅದು. ಕಲರ್ ಫೋಟೋಗ್ರಫಿಯೇ ಬಿಳಿ ಮೈಯನ್ನು ಅಳತೆಗೋಲಾಗಿ ಇಟ್ಟುಕೊಂಡು ಬೆಳೆದದ್ದು. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಫೋಟೋ ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಹೆಂಗಸೊಬ್ಬಳು ಢಾಳು ಬಣ್ಣದ ಬಟ್ಟೆ ತೊಟ್ಟು ಕೂತಿರುತ್ತಿದ್ದಳು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರು ಬಿತ್ತು. ಅವಳ ಮೈಬಣ್ಣ ಚೆನ್ನಾಗಿ ಬಂದರೆ ಯಂತ್ರ ಸರಿಯಿದೆ ಎಂದು ಲೆಕ್ಕ. ಕೆನಡಾದ ಸಂಶೋಧಕಿ ಲೋರ್ನಾ ರೋತ್ 2009ರಲ್ಲಿ ಇದರ ಚರಿತ್ರೆ ಬರೆದಿದ್ದಾರೆ. ಕಪ್ಪು ಮೈಯವರ ಮುಖ ಫಿಲ್ಮಿನಲ್ಲಿ ಸರಿಯಾಗಿ ಬರುವುದಿಲ್ಲ ಎನ್ನುವುದು ಬಹುಕಾಲ ದೊಡ್ಡ ವಿಷಯವೇ ಆಗಲಿಲ್ಲ. ಚಾಕೊಲೇಟ್ ಮಾಡುವವರೂ ಮರದ ಪೀಠೋಪಕರಣ ಮಾರುವವರೂ ತಮ್ಮ ಸರಕಿನ ಕಂದು ಛಾಯೆಗಳು ಜಾಹೀರಾತಿನಲ್ಲಿ ಒಂದೇ ಥರ ಕಾಣುತ್ತವೆ ಎಂದು ದೂರಿದ ಮೇಲೆ ಕಂಪನಿ ಕಂದಿನ ಕಡೆ ಗಮನ ಕೊಟ್ಟಿತು ಎನ್ನುವುದು ಆ ಬರಹದಿಂದ ತಿಳಿಯುತ್ತದೆ. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ನನ್ನ ಅಜ್ಜಿಯ ಮುಖದ ಕಂದನ್ನು ಹಿಡಿಯಬೇಕಾದ ಫಿಲ್ಮನ್ನು ಮಾಡಿದವರ ಎದುರು ಅಜ್ಜಿಯಂಥವರ ಮುಖ ಇರಲಿಲ್ಲ. ಇದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಯಿತು.

ನಮ್ಮಲ್ಲೂ ಕಡಿಮೆಯಿಲ್ಲ. ಗಾಜಿನ ನೆಗೆಟಿವ್ ಇದ್ದ ಕಾಲದಿಂದ ಸ್ಟುಡಿಯೋಗಳಲ್ಲಿ ಪೆನ್ಸಿಲಿನಿಂದ ಟಚಿಂಗ್ ಮಾಡಿ ಮುಖ ತಿಳಿಯಾಗಿಸುವುದಿತ್ತು. ಫೇರ್ ಆ್ಯಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಆ ‘ಫೇರ್’ ಪದ ಹೆಸರಿನಿಂದ ಹೋಗಲು 2020ರವರೆಗೆ ಕಾಯಬೇಕಾಯಿತು. “ಸ್ವಲ್ಪ ಬೆಳ್ಳಗೆ ಮಾಡಿ ಆಯ್ತಾ” ಎಂದು ಗಿರಾಕಿಗಳೇ ಹೇಳಿ ಹೇಳಿ ಸ್ಟುಡಿಯೋದವರಿಗೆ ಅದು ಕೇಳದೆಯೂ ಮಾಡುವ ಅಭ್ಯಾಸವಾಗಿದೆ. ಈಗ ಫೋನಿನ ಆ್ಯಪುಗಳು ಒಂದೇ ಒತ್ತಿಗೆ ಹಳೆಯ ಮುಖವನ್ನು ಹೊಸದು ಮಾಡುತ್ತವೆ. ಲಕ್ಷಾಂತರ ಮುಖ ನೋಡಿ ಕಲಿತ ಯಂತ್ರ ಅದು. ಮಾಸಿಹೋದ ಕಡೆ ಏನಿತ್ತು ಎಂದು ಅದಕ್ಕೆ ಗೊತ್ತಿಲ್ಲ, ಸಾಮಾನ್ಯವಾಗಿ ಅಲ್ಲಿ ಏನಿರುತ್ತದೆ ಎಂದು ಗೊತ್ತು. ಅದನ್ನೇ ತಂದು ಕೂರಿಸುತ್ತದೆ. ಮೂಗುಬೊಟ್ಟು, ಮಚ್ಚೆ, ಬಾಲ್ಯದ ಗಾಯದ ಗುರುತು ಎಲ್ಲ ಅದರ ಕಣ್ಣಿಗೆ ಕಸ.

ಪರಿಚಯದವರೊಬ್ಬರು ತಮ್ಮ ಮನೆತನದ ದೈವಾರಾಧನೆಯ, ಅಂದರೆ ನೇಮದ, ಹಳೆಯ ಫೋಟೋ ತಂದಿದ್ದರು. ತಾನೇ ಬಣ್ಣ ಸರಿಮಾಡುವ ಆ್ಯಪಿಗೆ ಮೊದಲು ಕೊಟ್ಟು ನೋಡಿದ್ದರಂತೆ. ದೈವದ ಮುಖಕ್ಕೆ ಹಚ್ಚಿದ ಅರದಾಳದ ಹೊಳೆಯುವ ಹಳದಿಯನ್ನು ಅದು ಮಾಸಿದ ಫೋಟೋದ ದೋಷ ಎಂದುಕೊಂಡು ತೆಗೆದು, ಸಾಧಾರಣ ಮನುಷ್ಯನ ಕಂದು ಮುಖ ಮಾಡಿ ಕೊಟ್ಟಿತ್ತು. ಕೊಟ್ಟವರು ಕೈ ಮುಗಿದು ಅದನ್ನು ಅಳಿಸಿದರು. ಯಾವ ಹಳದಿ ಕಾಲದ್ದು, ಯಾವ ಹಳದಿ ಅರದಾಳದ್ದು ಎಂದು ತಿಳಿಯಬೇಕಾದರೆ ನೇಮದ ಅಂಗಳದಲ್ಲಿ ಒಮ್ಮೆಯಾದರೂ ನಿಂತಿರಬೇಕು.

ಕಪ್ಪುಬಿಳುಪಿಗೆ ಬಣ್ಣ ತುಂಬುವುದಂತೂ ಇದಕ್ಕಿಂತ ಬೇರೆ ಕೆಲಸ. ರಾಜಕುಮಾರ್ ಅವರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದವು. ಜನ ಸಂತೋಷದಿಂದ ನೋಡಿದರು. ಅಲ್ಲಿ ಬಣ್ಣವೆಲ್ಲ ಇಂದಿನವರ ಆಯ್ಕೆ, ಚಿತ್ರದೊಳಗೆ ಅದರ ಸುಳಿವು ಇಲ್ಲ. ಹಳೆಯ ಕಾಲದ ಆರ್ಥೋಕ್ರೊಮ್ಯಾಟಿಕ್ ಫಲಕಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕುಂಕುಮ ಮಸಿಯಾಗಿ, ಕಂದು ಮೈ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತಿತ್ತು. ಮುತ್ತಜ್ಜನ ಫೋಟೋ ನೋಡಿ ಅವರು ತುಂಬಾ ಕಪ್ಪಿದ್ದರು ಎನ್ನುವವರು ಇದನ್ನು ನೆನಪಿಡಬೇಕು. ಕಲರ್ ಪ್ರಿಂಟಿನಲ್ಲಾದರೆ ಬಣ್ಣ ಮಾಸಿದ್ದರೂ ಸತ್ತಿರುವುದಿಲ್ಲ. ಅದಕ್ಕಾಗಿಯೇ ಊಹೆಗೆ ಮೊದಲು ಹುಡುಕಾಟ ಮಾಡಲೇಬೇಕು ಎನ್ನುವುದು ನನ್ನ ಹಟ.

ಗಾಢತೆ ಹುಡುಕಲು ನಾನು ಹಿಡಿದ ದಾರಿ ಎರಡು. ಒಂದು, ಕುತ್ತಿಗೆ ಮತ್ತು ಕೈ. ಮದುಮಗಳ ಮುಖಕ್ಕೆ ಆ ದಿನ ಧಾರಾಳವಾಗಿ ಪೌಡರು ಬಿದ್ದಿತ್ತು. ಮುಖ ಬೂದು, ಕುತ್ತಿಗೆ ಕಂದು. ಆ ಗೆರೆ ಫೋಟೋದಲ್ಲಿ ಕಾಣುತ್ತಿತ್ತು. ಅದನ್ನು ಹಾಗೆಯೇ ಉಳಿಸಿದೆ, ಅದೂ ಆ ದಿನದ್ದೇ. ಅಜ್ಜಿಗೆ ಪೌಡರಿಲ್ಲ. ಬೆವರು ಮತ್ತು ತೆಂಗಿನೆಣ್ಣೆ. ಎಣ್ಣೆ ಹಚ್ಚಿದ ಕೂದಲಿನ ಹೊಳಪು, ಬೆವರಿದ ಮೂಗಿನ ತುದಿಯ ಹೊಳಪು ಚರ್ಮದ ಬಣ್ಣವನ್ನು ತೋರಿಸುವುದಿಲ್ಲ, ಮೇಲೆ ಬಿದ್ದ ಬೆಳಕಿನ ಬಣ್ಣವನ್ನೇ ಕನ್ನಡಿಯಂತೆ ತಿರುಗಿಸಿ ಕೊಡುತ್ತದೆ. ಅಜ್ಜಿಯ ಮೂಗಿನ ಮೇಲಿನ ಆ ಸಾಸಿವೆಯಷ್ಟು ಹೊಳಪಿನಲ್ಲಿ ನಸು ಹಸಿರು ಇತ್ತು. ಮೊದಲು ನನ್ನ ಕರ್ವು ತಪ್ಪಿತೆಂದುಕೊಂಡೆ. ಅಲ್ಲ, ಅದು ಚಪ್ಪರದ ಹಸಿ ಗರಿಯೊಳಗಿಂದ ಇಳಿದ ಬೆಳಕು. ಕೆಳಗಿನಿಂದ ಗದ್ದಕ್ಕೆ ಅಂಗಳದ ಕೆಮ್ಮಣ್ಣಿನ ಕೆಂಪು ಬಡಿದಿತ್ತು. ಅವೆರಡನ್ನೂ ತೆಗೆಯಲಿಲ್ಲ. ಅವು ಕಾಲ ಹಚ್ಚಿದ ಬಣ್ಣವಲ್ಲ, ಅಂದಿನ ಬೆಳಕು.

ಇನ್ನೊಂದು ದಾರಿ, ಕಂಡವರನ್ನು ಕೇಳುವುದು. ಮೈಬಣ್ಣಕ್ಕೆ ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಎಣ್ಣೆಗೆಂಪು, ಎಣ್ಣೆಗಪ್ಪು, ಸಾದಗಪ್ಪು, ನಸುಗಪ್ಪು, ಗೋಧಿ ಬಣ್ಣ. ಯಾವ ಬಣ್ಣದ ಕಾರ್ಡಿನಲ್ಲೂ ಇಷ್ಟು ಬಿಡಿಸಿ ಹೇಳಿದ್ದನ್ನು ನಾನು ನೋಡಿಲ್ಲ. ದೊಡ್ಡಮ್ಮನಲ್ಲಿ, ಅಮ್ಮನಲ್ಲಿ, ಮಾವನಲ್ಲಿ ಬೇರೆ ಬೇರೆಯಾಗಿ ಕೇಳಿದೆ. “ಸಾದಗಪ್ಪು” ಎಂದರು ಮಾವ. ಅಮ್ಮ ತನ್ನ ಮುಂಗೈ ಚಾಚಿ, “ನನ್ನಿಂದ ಸ್ವಲ್ಪ ಜಾಸ್ತಿ, ದೊಡ್ಡಮ್ಮನಷ್ಟಲ್ಲ” ಎಂದರು. ಅವರಿಬ್ಬರ ಮುಂಗೈಯನ್ನೂ ಬೂದು ಕಾರ್ಡಿನ ಜೊತೆ ಫೋಟೋ ತೆಗೆದು, ನಡುವೆ ಒಂದು ಜಾಗ ಗುರುತಿಸಿದೆ. ಅಜ್ಜಿಯ ಕೆನ್ನೆಯ ಅಂಕಿ ಕೊನೆಗೆ ಕೆಂಪು 142, ಹಸಿರು 101, ನೀಲಿ 77ಕ್ಕೆ ಬಂದು ನಿಂತಿತು.

ಬಣ್ಣ ಕೂತ ಮೇಲೆ ಬೂಷ್ಟಿನ ಕಲೆ, ಗಾಜಿಗೆ ಅಂಟಿದ ಅಂಚು ಸರಿಮಾಡಿದ್ದು. ಮೊದಲೇ ಮಾಡಿದ್ದರೆ ಎರಡು ಸಲ ಮಾಡಬೇಕಾಗುತ್ತಿತ್ತು. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳನ್ನು 1990ರ ದಶಕದಲ್ಲಿ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಜೋಪಾನ ಮಾಡಿದರು. ಅಂಥ ಕೆಲಸದ ಕಟ್ಟಳೆ ನಮಗೂ ಒಪ್ಪುತ್ತದೆ: ಉಳಿದದ್ದನ್ನು ಮುಟ್ಟಬಾರದು, ಹೋದ ಕಡೆ ಮಾತ್ರ ತುಂಬಬೇಕು, ತುಂಬಿದ್ದನ್ನು ನಾಳೆ ಇನ್ನೊಬ್ಬರು ತೆಗೆಯುವಂತಿರಬೇಕು. ಮೂಲ ಸ್ಕ್ಯಾನ್ ಒಂದು ಕಡೆ ಭದ್ರ, ನನ್ನ ತಿದ್ದುಪಡಿಯೆಲ್ಲ ಬೇರೆ ಪದರಗಳಲ್ಲಿ. ಹರಿವಾಣದ ಕೆಳಗೆ ಎರಡು ಬೆರಳಗಲ ಜಾಗದಲ್ಲಿ ಏನಿತ್ತು ಎಂದು ಯಾರಿಗೂ ನೆನಪಿರಲಿಲ್ಲ. ಅಲ್ಲಿ ಮಸುಕಾದ ಬಣ್ಣ ಬಿಟ್ಟು ಬೇರೇನೂ ಬರೆಯಲಿಲ್ಲ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳ್ತಂಗಡಿಯ ಕಡೆ ನೆರೆ ಬಂದಾಗ ಕೆಸರಾದ ಆಲ್ಬಮ್ಮುಗಳನ್ನು ಜನ ಕಸದ ಜೊತೆ ಎಸೆದದ್ದುಂಟು. ಎಸೆಯಬೇಡಿ. ಒದ್ದೆ ಫೋಟೋಗಳು ಒಂದಕ್ಕೊಂದು ಅಂಟಿ ಒಣಗಲು ಬಿಡದೆ, ತಣ್ಣನೆಯ ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಮುಖ ಮೇಲಾಗಿ ನೆರಳಲ್ಲಿ ಹರಡಿದರೆ ಎಷ್ಟೋ ಉಳಿಯುತ್ತವೆ. ಎರಡು ದಿನದೊಳಗೆ ಆಗಬೇಕು. 2011ರ ಸುನಾಮಿಯ ನಂತರ ಜಪಾನಿನ ಯಾಮಾಮೊಟೊ ಎಂಬ ಸಣ್ಣ ಪಟ್ಟಣದಲ್ಲಿ ಸ್ವಯಂಸೇವಕರು ಸುಮಾರು 7.5 ಲಕ್ಷ ಫೋಟೋಗಳನ್ನು ಕೆಸರಿನಿಂದ ಎತ್ತಿ ತೊಳೆದರು.

ದೀಪಾವಳಿಯ ಮರುದಿನ ಪ್ರಿಂಟು ಹಿಡಿದು ಜೆಪ್ಪಿಗೆ ಹೋದೆ. ಹೊಳಪಿಲ್ಲದ ಕಾಗದ, ಮೊದಲಿನ ಅಳತೆಯೇ. ದೊಡ್ಡಮ್ಮ ಕನ್ನಡಕ ಒರೆಸಿ ಹಾಕಿಕೊಂಡು, ಕಿಟಕಿಯ ಹತ್ತಿರ ಹೋಗಿ ನಿಂತರು. ಮೂಗುಬೊಟ್ಟಿನ ಮೇಲೆ ಬೆರಳಿಟ್ಟರು. ಕೈ ಸ್ವಲ್ಪ ನಡುಗುತ್ತಿತ್ತು.

“ಹೌದು. ಇದು ಅಮ್ಮ.”

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: “ಆದ್ರೆ ಮಗಾ, ಆ ದಿನ ಅಮ್ಮನ ಮುಖ ಇಷ್ಟು ತಣ್ಣಗೆ ಇರ್ಲಿಲ್ಲ. ಅಡಿಗೆಯವರು ಒಬ್ಬರು ಬಂದಿರ್ಲಿಲ್ಲ ನೋಡು. ಬೆಳಿಗ್ಗೆ ನಾಲ್ಕು ಗಂಟೆಯಿಂದ ಪಾಯಸದ ಒಲೆ ಎದುರು ಇದ್ದದ್ದು ಇವರೇ. ಫೋಟೋ ತೆಗೀಬೇಕು ಬನ್ನಿ ಅಂತ ಅಣ್ಣ ಕರೆದಾಗ ಅಲ್ಲಿಂದಲೇ ಎದ್ದು ಬಂದದ್ದು. ಕೆನ್ನೆ ಕೆಂಪು ಕೆಂಪಿತ್ತು.”

ನಾನು ಅದನ್ನು ಮಾಸಿದ ಫೋಟೋದ ಕೆಂಪು ಎಂದುಕೊಂಡು ಉಳಿದದ್ದರ ಜೊತೆಗೇ ತೆಗೆದಿದ್ದೆ. ಮನೆಗೆ ಬಂದು ಫೈಲು ತೆರೆದು, ಹಳೆಯ ಸ್ಕ್ಯಾನನ್ನು ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿದೆ. ಎರಡೂ ಕೆನ್ನೆಯಲ್ಲಿ, ಕಿವಿಯ ತುದಿಯಲ್ಲಿ, ಹಣೆಯ ನಡುವೆ ಕೆಂಪು ಸುತ್ತಲಿನದಕ್ಕಿಂತ ನಿಜವಾಗಿಯೂ ಒಂದು ಪಾಲು ಹೆಚ್ಚಿತ್ತು. ಹೊಸ ಪದರ ತೆರೆದು, ಮೆತ್ತಗಿನ ಬ್ರಶ್ ಹಿಡಿದು, ಅಷ್ಟೇ ಜಾಗಕ್ಕೆ ಎಂಟು ಪಾಯಿಂಟು ಕೆಂಪು ವಾಪಸು ಕೊಟ್ಟೆ. ಪದರಕ್ಕೆ ‘ಪಾಯಸದ ಒಲೆ’ ಎಂದು ಹೆಸರಿಟ್ಟು ಸೇವ್ ಮಾಡಿದೆ.